ಉರ್ದು ಪ್ರತಿ ಬರುವ ತನಕ

ಹೋದ ತಿಂಗಳು ಸೇವಾ ಪುಸ್ತಕದಲ್ಲಿ ಬಿಟ್ಟುಹೋಗಿದ್ದ ಒಂದು ಸಹಿಗಾಗಿ ನಾನು ಮೊದಲು ಕೆಲಸ ಮಾಡಿದ್ದ ಕಚೇರಿಗೆ ಹೋಗಿದ್ದೆ. ಗೇಟು ದಾಟುತ್ತಿದ್ದಂತೆ ಹುಳಿ ವಾಸನೆ ಮೂಗಿಗೆ ಬಂತು. ಮೈದಾ ಹಿಟ್ಟು ಕುದಿಸಿ ಮಾಡಿದ ಅಂಟಿನ ವಾಸನೆ. ಹೊಸ ಜವಾನನೊಬ್ಬ ಗೋಡೆಗೆ ನೋಟೀಸು ಹಚ್ಚುತ್ತಿದ್ದ. ಬೇರೆಯವರಿಗೆ ಅದು ಲೆಕ್ಕಕ್ಕೇ ಬಾರದ ವಾಸನೆ. ನನಗೆ ಮಾತ್ರ ಬಾಯಿ ಕಹಿಯಾಯಿತು. ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲ ನೆನಪಾಗಿ ಮೆಟ್ಟಿಲ ಮೇಲೆಯೇ ಒಂದು ನಿಮಿಷ ನಿಂತೆ.

ಕಚೇರಿ ಯಾವ ತಾಲೂಕಿನದು ಎಂದು ಹೇಳುವುದಿಲ್ಲ. ಆಳಂದ, ಅಫಜಲಪುರ ಎರಡೂ ಕಡೆ ಕೆಲಸ ಮಾಡಿದ್ದೇನೆ. ಎರಡರಲ್ಲಿ ಒಂದು ಎಂದುಕೊಳ್ಳಿ. ಅದನ್ನೊಂದು ಬಿಟ್ಟು ಉಳಿದದ್ದೆಲ್ಲ ಹೇಳುತ್ತೇನೆ, ನನ್ನ ತಪ್ಪನ್ನೂ ಸೇರಿಸಿ.

ನನ್ನ ಹೆಸರು ಮೆಹರುನ್ನಿಸಾ. ಅಪ್ಪ ಜೇವರ್ಗಿ ಕಡೆ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಮನೆಯಲ್ಲಿ ದಖನಿ ಮಾತಾಡಿ, ಶಾಲೆಯಲ್ಲಿ ಕನ್ನಡ ಓದಿ, ಅಮ್ಮನ ಹತ್ತಿರ ಉರ್ದು ಅಕ್ಷರ ಕಲಿತವಳು ನಾನು. ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. ನನಗೆ ಉರ್ದು ಬರೆಯಲು ಬರುತ್ತದೆ ಎಂಬುದು ಸೇವೆಗೆ ಸೇರಿ ಹನ್ನೆರಡು ವರ್ಷವಾದರೂ ಯಾರಿಗೂ ಬೇಕಾಗಿರಲಿಲ್ಲ.

ಆ ವರ್ಷ ಜೂನಿನ ಮಿರಗದ ಮಳೆ ಬೇಗನೆ ಹಿಡಿದುಕೊಂಡಿತ್ತು. ಜನ ತೊಗರಿ, ಹೆಸರು ಬಿತ್ತುವ ಗಡಿಬಿಡಿಯಲ್ಲಿದ್ದರು. ಕಚೇರಿಗೆ ಬಂದವರ ಚಪ್ಪಲಿಯಿಂದ ಉದುರಿದ ಎರೆಮಣ್ಣು ಮೆಟ್ಟಿಲಿಗೆಲ್ಲ ಹತ್ತಿಕೊಂಡು, ಜವಾನ ಶರಣಪ್ಪ ದಿನಕ್ಕೆರಡು ಸಲ ಸಲಿಕೆಯಿಂದ ಕೆರೆದು ಹಾಕುತ್ತಿದ್ದ. ಅಂಥ ಒಂದು ಬೆಳಿಗ್ಗೆ ಬೆಂಗಳೂರಿನಿಂದ ಬಂದ ಟಪಾಲಿನಲ್ಲಿ ಸರ್ಕಾರದ ಘೋಷಣೆಯೊಂದರ ಪ್ರತಿ ಇತ್ತು. ದಪ್ಪ ಕಾಗದ, ಮೇಲೆ ಬಣ್ಣದ ಲಾಂಛನ. ಉರ್ದು, ಮರಾಠಿ ಮುಂತಾದ ಭಾಷೆಗಳನ್ನಾಡುವ ನಾಗರಿಕರನ್ನು ಸರ್ಕಾರ ಭಾಷಾ ಅಲ್ಪಸಂಖ್ಯಾತರೆಂದು ಗೌರವದಿಂದ ಗುರುತಿಸುತ್ತದೆ. ನಾಡಿಗೆ ಅವರು ಕೊಟ್ಟ ಕೊಡುಗೆಯನ್ನು ಸ್ಮರಿಸುತ್ತದೆ. ಅವರು ಹೆಚ್ಚಾಗಿರುವ ಕಡೆ ಸಾರ್ವಜನಿಕ ನೋಟೀಸುಗಳು ಕನ್ನಡದ ಜೊತೆಗೆ ಅವರ ಭಾಷೆಯಲ್ಲೂ ಪ್ರಕಟವಾಗತಕ್ಕದ್ದು. ಈ ಘೋಷಣೆಯನ್ನು ಸಮಾರಂಭ ಏರ್ಪಡಿಸಿ ಓದಿ ಹೇಳತಕ್ಕದ್ದು.

ಶಿರಸ್ತೇದಾರ ಗುರುಪಾದಪ್ಪನವರು ಅದನ್ನು ಎರಡು ಸಲ ಓದಿ ನನ್ನ ಮೇಜಿನ ಮೇಲೆ ತಂದಿಟ್ಟರು. ಮಟಕಿ ಎಂಬ ಊರಿನಲ್ಲಿ ಅವರದು ಹೊಲವಿತ್ತು. ಬಿತ್ತನೆ ದಿನಗಳಲ್ಲಿ ಅವರ ಮನಸ್ಸು ಅರ್ಧ ಅಲ್ಲೇ ಇರುತ್ತಿತ್ತು. ಕೆಟ್ಟ ಮನುಷ್ಯರಲ್ಲ, ಹಣೆಗೆ ವಿಭೂತಿ ಹಚ್ಚಿಕೊಂಡು ಹತ್ತು ಗಂಟೆಗೆ ಹತ್ತು ನಿಮಿಷ ಮೊದಲೇ ಬಂದು ಕೂರುವವರು.

"ನೋಡ್ರಿ ಮೇಡಂ, ನಿಮ್ಮ ಭಾಷಾಕ್ಕ ಸರ್ಕಾರ ಮರ್ಯಾದಿ ಕೊಟ್ಟದ. ಇನ್ನ ನೋಟೀಸ್ ತರ್ಜುಮಾ ಎಲ್ಲಾ ನಿಮ್ಮ ಕಡಿನೇ."

"ಮಾಡ್ತೇನ್ರಿ ಸರ್," ಎಂದೆ. ಮನಸ್ಸಿನೊಳಗೆ ಹಿಗ್ಗು. ಕಾರಣ ನನ್ನ ಅಮ್ಮ. ಉರ್ದು ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಬಿಡದೆ ಓದುತ್ತಿದ್ದ ಅವಳು, ನಮ್ಮಂಥ ಕಚೇರಿಗಳಿಗೆ ಬಂದಾಗ ಹೆಬ್ಬೆಟ್ಟು ಒತ್ತುತ್ತಿದ್ದಳು. ಅರ್ಜಿಯಲ್ಲಿ 'ಅನಕ್ಷರಸ್ಥೆ' ಎಂದು ಬರೆಯುತ್ತಿದ್ದರು. ಅದೇನು ಬರೆದಿದ್ದಾರೆ ಎಂದು ಅವಳಿಗೆ ಓದಲು ಬರುತ್ತಿರಲಿಲ್ಲ. ಅಪ್ಪ ಓದಿ ಹೇಳುತ್ತಲೂ ಇರಲಿಲ್ಲ. ಇನ್ನು ಮುಂದೆ ಅಂಥದ್ದು ಆಗುವುದಿಲ್ಲ ಎಂದು ಅಂದು ನಿಜವಾಗಿ ನಂಬಿದ್ದೆ.

ಊರಂಚಿನಲ್ಲಿ ಹಳ್ಳದ ದಂಡೆಗೆ ಒಂದು ಓಣಿಯಿದೆ. ಮೂರು ತಲೆಮಾರಿನಿಂದ ಅಲ್ಲಿ ಜನ ಮನೆ ಕಟ್ಟಿಕೊಂಡಿದ್ದಾರೆ, ಆದರೆ ಜಾಗದ ಕಾಗದ ಯಾರ ಹತ್ತಿರವೂ ಇಲ್ಲ. ಹೆಚ್ಚಿನವು ಮುಸಲ್ಮಾನರ ಮನೆಗಳು. ನಾನು ಬಾಡಿಗೆಗಿದ್ದ ಮನೆ ಅದರ ಪಕ್ಕದ ಬೀದಿಯಲ್ಲಿತ್ತು. ಓಣಿಯ ಬಾಯಲ್ಲೇ ಖಾಸಿಂಬಿಯ ಹಿಟ್ಟಿನ ಗಿರಣಿ. ಅರವತ್ತು ದಾಟಿದ ಹೆಂಗಸು. ತಲೆಗೆ ಸುತ್ತಿದ ದುಪಟ್ಟಾ, ಹುಬ್ಬು, ರೆಪ್ಪೆ ಎಲ್ಲ ಹಿಟ್ಟಿನಿಂದ ಬೆಳ್ಳಗೆ. ಗಂಡ ಹಾಕಿಕೊಟ್ಟ ಗಿರಣಿಯನ್ನು ಅವನು ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಯಂತ್ರ ತಿರುಗಿಸುವ ಪಟ್ಟಾ ಹರಿದರೆ ತಾನೇ ಹೊಲಿಯುತ್ತಿದ್ದಳು, ಕಲ್ಲು ಸವೆದರೆ ತಾನೇ ಉಳಿ ಹಿಡಿದು ಹಲ್ಲು ಹಾಕುತ್ತಿದ್ದಳು. ಬಂದವರ ಹತ್ತಿರ ಕನ್ನಡ, ಮನೆಯವರ ಹತ್ತಿರ ದಖನಿ, ಎರಡೂ ಒಂದೇ ವೇಗ. ಓದುವುದು ಮಾತ್ರ ಉರ್ದು. ಪ್ರತಿ ಭಾನುವಾರ ನಾನು ಜೋಳ ಒಯ್ದಾಗ ನನ್ನ ಡಬ್ಬಿಯನ್ನು ಪಾಳಿ ತಪ್ಪಿಸಿ ಮುಂದಿಡುತ್ತಿರಲಿಲ್ಲ. ಅದಕ್ಕೇ ಅವಳೆಂದರೆ ನನಗೆ ಇಷ್ಟ.

ಘೋಷಣೆ ಬಂದು ಎರಡು ವಾರವಾಗಿರಬೇಕು, ಆ ಓಣಿ, ಅದರಾಚೆಯ ಕೆಲವು ಮನೆಗಳ ಸಲುವಾಗಿ ಒಂದು ನೋಟೀಸು ತಯಾರಾಯಿತು. ಕಾಗದವಿಲ್ಲದ ಮನೆಗಳಿಗೆ ಹಕ್ಕುಪತ್ರ ಕೊಡುವ ಯೋಜನೆ. ಒಳ್ಳೆಯದೇ. ಆದರೆ ನೋಟೀಸಿನ ಭಾಷೆ ಹೀಗಿತ್ತು: 'ಸದರಿ ಪ್ರದೇಶದಲ್ಲಿ ವಾಸ್ತವ್ಯ ಹೊಂದಿರುವವರು ತಮ್ಮ ಸ್ವಾಧೀನಾನುಭವದ ಕುರಿತು ಹಕ್ಕು ಮತ್ತು ತಕರಾರುಗಳಿದ್ದಲ್ಲಿ ಪ್ರಕಟಣೆಯ ದಿನಾಂಕದಿಂದ ಮೂವತ್ತು ದಿನಗಳೊಳಗಾಗಿ ಸೂಕ್ತ ದಾಖಲಾತಿಗಳೊಂದಿಗೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಸದರಿ ಪ್ರದೇಶವನ್ನು ಸರ್ಕಾರಿ ಜಾಗವೆಂದು ದಾಖಲಿಸಲಾಗುವುದು.'

ಅಂದೇ ಮಧ್ಯಾಹ್ನ ಊಟ ಬಿಟ್ಟು ಕೂತು ಅದನ್ನು ಉರ್ದುವಿಗೆ ತಂದೆ. ಓಣಿಯ ಮಾತಿನಲ್ಲಿ, ನಾಲ್ಕೇ ಸಾಲು. ನಿಮ್ಮ ಮನೆ ನಿಂತ ಜಾಗ ನಿಮ್ಮ ಹೆಸರಿಗೆ ಆಗಬೇಕಾದರೆ ಇಂಥ ತಾರೀಖಿನೊಳಗೆ ಕಚೇರಿಗೆ ಬಂದು ಅರ್ಜಿ ಕೊಡಿ. ಕರೆಂಟ್ ಬಿಲ್ಲೋ ರೇಷನ್ ಕಾರ್ಡೋ ಏನಿದೆಯೋ ಅದನ್ನು ತನ್ನಿ. ಅರ್ಜಿ ಕೊಡದಿದ್ದರೆ ಜಾಗ ಸರ್ಕಾರದ್ದು ಎಂದು ಬರೆಯುತ್ತಾರೆ. ತಪ್ಪದೆ ಬನ್ನಿ. ಅಷ್ಟೇ.

ಗುರುಪಾದಪ್ಪನವರು ಅದನ್ನು ತಹಸೀಲ್ದಾರ್ ಸಾಹೇಬರ ಕೋಣೆಗೆ ಒಯ್ದರು. ಐದು ನಿಮಿಷದಲ್ಲಿ ತಿರುಗಿ ತಂದರು.

"ಸಾಹೇಬ್ರು ಒಲ್ಲೆ ಅಂದ್ರು. ಸರ್ಕಾರಿ ಭಾಷಾಂತರ ಅಂದ್ರ ಮ್ಯಾಲಿಂದ ಮಂಜೂರಾಗಿ ಬರಬೇಕಂತ. ನಾಳಿ ಒಂದು ಅಕ್ಷರ ಹೆಚ್ಚುಕಮ್ಮಿ ಆದ್ರ ಯಾರ ಹೊಣಿ ಅಂತ ಕೇಳ್ತಾರ."

"ಮೂವತ್ತ ದಿನದಾಗ ಬರ್ತದೇನ್ರಿ ಸರ್?"

"ಇವತ್ತ ಕಳಿಸಿದ್ರ ವಾರದಾಗ ಬರ್ತದ. ಯಾಕ್ ಬರೂದಿಲ್ಲ?"

ಕನ್ನಡದ ನೋಟೀಸನ್ನು ಮಾರನೆಯ ದಿನವೇ ಶರಣಪ್ಪ ಕಚೇರಿಯ ಗೋಡೆಗೂ ಓಣಿಯ ನಳದ ಕಟ್ಟೆಗೂ ಹಚ್ಚಿ ಬಂದ. ಮೂವತ್ತು ದಿನದ ಲೆಕ್ಕ ಅಂದಿನಿಂದ ಶುರುವಾಯಿತು. ನನ್ನ ಉರ್ದು ಕರಡು ಮಂಜೂರಿಗಾಗಿ ಜಿಲ್ಲೆಗೆ, ಅಲ್ಲಿಂದ ಬೆಂಗಳೂರಿಗೆ ಹೊರಟಿತು.

ಆ ಭಾನುವಾರ ಗಿರಣಿಗೆ ಹೋದಾಗ ಖಾಸಿಂಬಿ ಪಟ್ಟಾ ಸರಿಸಿ ಗಿರಣಿ ನಿಲ್ಲಿಸಿ ಕೇಳಿದಳು. ನನ್ನ ಹತ್ತಿರ ಅವಳು ಎರಡೂ ಭಾಷೆ ಬೆರೆಸಿ ಮಾತಾಡುತ್ತಿದ್ದಳು. ನಾನು ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ.

"ಬೇಟಿ, ನಳದ ಹತ್ರ ನಿಮ್ಮ ಆಫೀಸಿನವ್ರು ಏನೋ ಕಾಗದ ಹಚ್ಯಾರ. ಏನದು? ನಮಗೇನರೆ ತ್ರಾಸ ಅದ ಏನು?"

"ತ್ರಾಸ ಇಲ್ಲ ಖಾಲಾ. ಒಳ್ಳೇದಾ. ಜಾಗಾದ ಕಾಗದ ಕೊಡ್ತಾರ."

"ಹೌದಾ? ಮತ್ತ ನಾವೇನ್ ಮಾಡಬೇಕು?"

ಇಲ್ಲಿಯೇ ನಾನು ಮಾಡಿದ ತಪ್ಪು. ಅಂದು ಅಲ್ಲೇ, ಹಿಟ್ಟಿನ ದೂಳಿನ ನಡುವೆ ನಿಂತು, "ನಾಳೆ ಬಂದು ಅರ್ಜಿ ಕೊಡು" ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ತಲೆಯಲ್ಲಿ ಘೋಷಣೆ ಕುಣಿಯುತ್ತಿತ್ತು. ಅಮ್ಮನಿಗೆ ಸಿಗದಿದ್ದದ್ದು ಇವಳಿಗೆ ಸಿಗಬೇಕು, ಸರ್ಕಾರದ ಕಾಗದವನ್ನು ಇವಳು ತನ್ನ ಕಣ್ಣಿನಿಂದ ತಾನೇ ಓದಬೇಕು ಎಂಬ ಹಟ. ಜೊತೆಗೆ ಭಯವೂ ಇತ್ತು: ಮಂಜೂರಾಗದ ಮಾತನ್ನು ನಾನು ಬಾಯಿಯಿಂದ ಹೇಳಿ, ನಾಳೆ ಬೇರೆ ದಾಖಲೆ ಕೇಳಿದರೆ?

"ಒಂದು ವಾರ ತಡಿ ಖಾಲಾ," ಎಂದೆ. "ಉರ್ದುದಾಗ ಬರಾಕತ್ತದ. ಅದರಾಗ ಎಲ್ಲಾ ಬರದಿರ್ತದ. ನೀನೇ ಓದಿ ನೋಡು."

ಅವಳ ಮುಖ ಅರಳಿದ್ದು ನೆನಪಿದೆ. "ಸರ್ಕಾರದ ಕಾಗದ ಉರ್ದುದಾಗ? ನಮ್ಮ ಓಣಿಗೆ?" ಎಂದು ಎರಡು ಸಲ ಕೇಳಿದಳು. ಆಮೇಲೆ ಓಣಿಯ ಎಲ್ಲರಿಗೂ ಹೇಳಿದಳು. ಅವಳ ಮಾತು ಆ ಓಣಿಯಲ್ಲಿ ನಡೆಯುತ್ತಿತ್ತು. ಎಲ್ಲರೂ ಕಾಯುತ್ತ ಕೂತರು.

ವಾರ ಕಳೆಯಿತು, ಎರಡಾಯಿತು. ಮಳೆ ಬಿಡಲಿಲ್ಲ. ಜಿಲ್ಲೆಗೆ ಎರಡು ಸಲ ಜ್ಞಾಪನ ಪತ್ರ ಬರೆದೆ, ನಾಲ್ಕು ಸಲ ಫೋನ್ ಮಾಡಿದೆ. "ಭಾಷಾಂತರ ವಿಭಾಗದಾಗ ಅದ್ರಿ, ಬರ್ತದ್ರಿ" ಎಂಬ ಒಂದೇ ಉತ್ತರ. ಓಣಿ ಬಿಟ್ಟು ಆಚೆ ಕಡೆಯ ಕೆಲವರು, ಕನ್ನಡ ಓದಬಲ್ಲವರು, ಬಂದು ಅರ್ಜಿ ಕೊಟ್ಟು ಹೋದರು. ಅವರ ಅರ್ಜಿಗಳನ್ನು ನಾನೇ ತೆಗೆದುಕೊಂಡು ಮೊಹರು ಹಾಕಿದೆ. ಆಗಲೂ ನನಗೆ ಬುದ್ಧಿ ಬರಲಿಲ್ಲ.

ಇಪ್ಪತ್ತೆರಡನೆಯ ದಿನ ಅಮ್ಮನಿಗೆ ಡೆಂಗೂ ಎಂದು ಜೇವರ್ಗಿಯಿಂದ ಫೋನ್ ಬಂತು. ರಜೆ ಹಾಕಿ ಓಡಿದೆ. ಹೊರಡುವ ಮುಂಚೆ ಶರಣಪ್ಪನಿಗೆ, "ಉರ್ದು ಪ್ರತಿ ಬಂದ ಕೂಡ್ಲೇ ಮೊದಲ ಓಣಿಗೆ ಹಚ್ಚು" ಎಂದು ಹೇಳಿದ್ದೆ. ಆಸ್ಪತ್ರೆಯಲ್ಲಿ ಅಮ್ಮನ ರಕ್ತದ ವರದಿ ನೋಡುವುದು, ಪಪಾಯಿ ಎಲೆಯ ರಸ ತಂದವರಿಗೆ ಬೇಡ ಎನ್ನುವುದು, ಅವಳ ಹಾಸಿಗೆಯ ಪಕ್ಕ ಕೂರುವುದು, ಇದರಲ್ಲಿ ಹನ್ನೆರಡು ದಿನ ಹೋದವು. ಅಮ್ಮ ಎದ್ದು ಕೂತಳು. ನಾನು ತಿರುಗಿ ಬಂದಾಗ ಮೂವತ್ತು ದಿನ ಮುಗಿದು ನಾಲ್ಕು ದಿನವಾಗಿತ್ತು. ಉರ್ದು ಪ್ರತಿ ಬಂದಿರಲಿಲ್ಲ.

"ಅವಧಿ ಮುಂದ ಹಾಕೂಣ್ರಿ ಸರ್," ಎಂದು ಗುರುಪಾದಪ್ಪನವರನ್ನು ಬೇಡಿಕೊಂಡೆ. "ಓಣಿಯವ್ರು ಉರ್ದು ಪ್ರತಿಗೆ ಕಾಯಾಕತ್ತಾರ್ರಿ. ಘೋಷಣಾದಾಗೇ ಬರದಾರಲ್ರಿ."

"ಘೋಷಣಾದಾಗ ಪ್ರಕಟ ಮಾಡತಕ್ಕದ್ದು ಅಂತ ಬರದಾರ. ಅವಧಿ ಮುಂದ ಹಾಕತಕ್ಕದ್ದು ಅಂತ ಎಲ್ಲಿ ಬರದಾರ? ಪಟ್ಟಿ ನಿನ್ನಿನೇ ಜಿಲ್ಲಾಕ್ಕ ಹೋತ್ರಿ."

ಪಟ್ಟಿಯಲ್ಲಿ ಓಣಿಯ ಅಷ್ಟೂ ಮನೆಗಳು, ಖಾಸಿಂಬಿಯ ಗಿರಣಿ ಸೇರಿ, 'ಸರ್ಕಾರಿ ಜಾಗ' ಎಂದಾಗಿದ್ದವು.

ಉರ್ದು ಪ್ರತಿ ಬಂದದ್ದು ಅದಾದ ಒಂದು ವಾರಕ್ಕೆ. ನಾಲ್ಕು ಸಾಲಿದ್ದದ್ದು ಎರಡು ಪುಟವಾಗಿತ್ತು. ನಾನು ಬರೆದ ಒಂದು ಪದವೂ ಉಳಿದಿರಲಿಲ್ಲ. ಕಡತದಲ್ಲಿ ಷರಾ ಇತ್ತು: 'ಕರಡು ಆಡುಮಾತಿನಲ್ಲಿದ್ದು ಸರ್ಕಾರದ ಘನತೆಗೆ ತಕ್ಕುದಾಗಿರುವುದಿಲ್ಲ.' ಸಾಹೇಬರು, ದಾಖಲೆಗೆ ಬೇಕು, ಹಚ್ಚಿಬಿಡಿ ಎಂದರು. ಶರಣಪ್ಪ ಅಂಟಿನ ಡಬ್ಬಿ ಹಿಡಿದು ನನ್ನ ಹಿಂದೆ ಬಂದ. ದಾರಿಯುದ್ದಕ್ಕೂ ಗೊಣಗಿದ. "ಎಲ್ಲಾ ಮುಗದ ಮ್ಯಾಲ ಇದನ್ನ ಹಚ್ಚಿ ಏನ್ ಮಾಡೂದ್ರಿ ಅಕ್ಕೋರೆ? ನಾ ಘತ್ತರಗಿ ಗುಡಿಗೆ ಹೋಗಬೇಕಂತ ಇವತ್ತ ರಜಾ ಕೇಳಿದ್ರ ಕೊಡಲಿಲ್ಲ. ಇದಕ್ಕ ಕರದಾರ."

ನಳದ ಕಟ್ಟೆಗೆ ಕಾಗದ ಹತ್ತುತ್ತಿದ್ದಂತೆ ಓಣಿ ಹೊರಗೆ ಬಂತು. ಖಾಸಿಂಬಿ ದುಪಟ್ಟಾದಿಂದ ಮುಖ ಒರೆಸಿಕೊಂಡು, ಚಷ್ಮಾ ತರಿಸಿ ಹಾಕಿಕೊಂಡು ಮುಂದೆ ನಿಂತಳು. ಉಳಿದ ಹೆಂಗಸರು ಸುಮ್ಮನಾದರು. ಅವಳು ಜೋರಾಗಿ, ಬೆರಳಿಟ್ಟು ಓದತೊಡಗಿದಳು. ಮೊದಲ ಸಾಲಿನಲ್ಲೇ ತಡವರಿಸಿ ನಿಂತಳು. 'ಮುತಅಲ್ಲಿಖಾ', 'ಉಜ್ರದಾರಿ', 'ಹಖ್-ಎ-ತಸರ್ರುಫ್'. ಒಂದೊಂದು ಪದವನ್ನೂ ಎರಡೆರಡು ಸಲ ಬಿಡಿಸಿ ಓದಿದಳು. ಓದಲು ಬರುತ್ತಿತ್ತು, ತಿಳಿಯುತ್ತಿರಲಿಲ್ಲ. ನನ್ನ ಕಡೆ ತಿರುಗಿದಳು.

"ಇದು ಯಾವ ಉರ್ದು ಬೇಟಿ? ನನಗ ವಯಸ್ಸಾತೋ, ಇವ್ರಿಗೇ ನಮ್ಮ ಮಾತು ಗೊತ್ತಿಲ್ಲೋ?"

ಅವಳು ಮತ್ತೆ ಕಾಗದಕ್ಕೆ ತಿರುಗಿ ಕೆಳಗೆ ಕೆಳಗೆ ಬೆರಳು ಎಳೆದಳು. ಕೊನೆಗೆ ತಾರೀಖು ಸಿಕ್ಕಿತು. ಅಂಕಿ ಎಲ್ಲರಿಗೂ ಅರ್ಥವಾಗುತ್ತದೆ. ಬೆರಳು ಅಲ್ಲೇ ನಿಂತಿತು. ಬಾಯಲ್ಲೇ ದಿನ ಎಣಿಸಿದಳು.

"ತಾರೀಖ್ ತೋ ಹೋಗಯೀ ನಾ?" ಎಂದಳು, ಮೆಲ್ಲಗೆ, ತಾರೀಖು ಮುಗಿದೇ ಹೋಯಿತಲ್ಲ ಎಂದು. ಆಮೇಲೆ ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ, "ತಡಿ ಅಂದಿದ್ದಿ ನೀನು."

ಅಮ್ಮನ ಕಾಯಿಲೆ, ಬೆಂಗಳೂರಿನ ತಡ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ಕೇಳಿಸಿಕೊಂಡಳು. "ಅಮ್ಮ ಹ್ಯಾಂಗದಾಳ ಈಗ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಗಿರಣಿಯೊಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಕಚೇರಿಗೆ ಬಂದ ಮೇಲೆ ಗುರುಪಾದಪ್ಪನವರು ಒಂದು ಮಹಜರು ಮುಂದಿಟ್ಟರು. ಉರ್ದು ಪ್ರತಿಯನ್ನು ಓಣಿಯಲ್ಲಿ ಪ್ರಚುರಪಡಿಸಲಾಗಿದೆ ಎಂದು ಟೈಪಾಗಿತ್ತು. ಶರಣಪ್ಪನದೂ ನನ್ನದೂ ಸಹಿ ಬೇಕು. ತಾರೀಖಿನ ಜಾಗ ಖಾಲಿ.

"ತಾರೀಖ್ ಹಾಕಿಲ್ರಿ ಸರ್?"

"ಮೊಹರ್ ಹಾಕೂವಾಗ ಹಾಕ್ತೇವ್ರಿ. ಮಾಡ್ರಿ ಸಹಿ, ಟಪಾಲ್ ಹೊಂಟದ."

ನನ್ನ ಕಿವಿಯಲ್ಲಿ ಆಗಲೂ ಖಾಸಿಂಬಿಯ ಮಾತೇ ಇತ್ತು. ಸಹಿ ಮಾಡಿದೆ.

ಅದಾದ ಸ್ವಲ್ಪ ದಿನಕ್ಕೆ ಘೋಷಣೆ ಓದುವ ಸಮಾರಂಭ. ಹೆಸರುಕಾಳಿನ ರಾಶಿ ಮುಗಿದಿತ್ತು. ಮಳೆಗೆ ಸಿಕ್ಕಿ ಕಪ್ಪಾದ ಕಾಳನ್ನು ಜನ ರಸ್ತೆಯ ಮೇಲೆಯೇ ಒಣಗಿಸುತ್ತಿದ್ದರು. ಕಲ್ಯಾಣ ಮಂಟಪದಲ್ಲಿ ವೇದಿಕೆ, ಹಿಂದೆ ದೊಡ್ಡ ಬ್ಯಾನರು. ಅದರಲ್ಲಿ ಉರ್ದುವಿನ ಒಂದು ಸಾಲಿತ್ತು. ಅಕ್ಷರಗಳು ಕೂಡಿಕೊಳ್ಳದೆ ಒಂದೊಂದೇ ಬಿಡಿಬಿಡಿಯಾಗಿ, ಬಲದಿಂದ ಎಡಕ್ಕೆ ಬರಬೇಕಾದವು ಎಡದಿಂದ ಬಲಕ್ಕೆ ಅಚ್ಚಾಗಿದ್ದವು. ಓದಬಲ್ಲವರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡರು. ಬೆಂಗಳೂರಿನಿಂದ ಬಂದ ಅಧಿಕಾರಿಯೊಬ್ಬರು ಘೋಷಣೆಯನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಓದಿದರು. ಉರ್ದುವಿನಲ್ಲಿ ಓದಲು ಯಾರೂ ಸಿದ್ಧವಾಗಿ ಬಂದಿರಲಿಲ್ಲ. ಕೊನೆಯಲ್ಲಿ ಕೈಯೆತ್ತಿ "ಆದಾಬ್" ಎಂದರು. ಚಪ್ಪಾಳೆ. ಚೌಕಟ್ಟು ಹಾಕಿಸಿದ ಘೋಷಣೆಯನ್ನು ಊರಿನ ಹಿರಿಯರೊಬ್ಬರ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡರು.

ಆಮೇಲೆ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಭಾಷಾಂತರದ ಮೂಲಕ ಜನಸೇವೆ ಮಾಡಿದ್ದಕ್ಕೆ ಸನ್ಮಾನವಂತೆ. ಮುಂಚೆ ಗೊತ್ತಿದ್ದರೆ ಅಂದು ರಜೆ ಹಾಕುತ್ತಿದ್ದೆ. ಶಾಲು ಹೊದಿಸುವಾಗ ತಲೆಯೆತ್ತಿದೆ. ಎರಡನೆಯ ಸಾಲಿನಲ್ಲಿ ಖಾಸಿಂಬಿ ಕೂತಿದ್ದಳು. ಕುರ್ಚಿ ತುಂಬಲು ಓಣಿಯವರನ್ನು ಟೆಂಪೋದಲ್ಲಿ ಕರೆಸಿದ್ದರು. ಸುತ್ತಲಿನವರು ಚಪ್ಪಾಳೆ ತಟ್ಟುತ್ತಿದ್ದರು. ಅವಳು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಆ ಶಾಲನ್ನು ಇವತ್ತಿಗೂ ಬಿಚ್ಚಿಲ್ಲ. ಎಲ್ಲಿಟ್ಟಿದ್ದೇನೆ ಎಂಬುದೂ ನೆನಪಿಲ್ಲ.

ಸೆಪ್ಟೆಂಬರಿನ ಹುಬ್ಬಿ ಮಳೆಯ ಹೊತ್ತಿಗೆ ಮತ್ತೊಂದು ನೋಟೀಸು ಬಂತು. ಜಾಗ ಸರ್ಕಾರದ್ದಾದ್ದರಿಂದ ಓಣಿಯವರು ಏಳು ದಿನದಲ್ಲಿ ತೆರವು ಮಾಡತಕ್ಕದ್ದು. ಸಾಹೇಬರು ನನ್ನನ್ನೇ ಕೋಣೆಗೆ ಕರೆದರು.

"ಮೇಡಂ, ಇದನ್ನ ಉರ್ದುಗೆ ಮಾಡಿ ಕೊಡ್ರಿ. ಅರ್ಧ ತಾಸಿನಾಗ ಬೇಕು."

"ಮಂಜೂರಿಗೆ ಬೆಂಗಳೂರಿಗೆ ಕಳಿಸೂದಿಲ್ಲೇನ್ರಿ ಸರ್?"

"ಇದು ಅರ್ಜೆಂಟ್ ಅದರಿ. ನೀವು ಬರೀರಿ, ನಾ ಸಹಿ ಮಾಡ್ತೇನಿ. ಸರಳ ಬರೀರಿ ಮತ್ತ, ಅವ್ರಿಗೆ ತಿಳೀಬೇಕು."

ಕೊಡುವ ಕಾಗದಕ್ಕೆ ಘನತೆ ಬೇಕಿತ್ತು, ಕಸಿಯುವ ಕಾಗದಕ್ಕೆ ಸರಳತೆ ಬೇಕಾಯಿತು. ಸಿಟ್ಟು ಬಂತು. ಬರೆಯುವುದಿಲ್ಲ ಎಂದು ಎದ್ದು ಬರಬಹುದಿತ್ತು. ಎದ್ದು ಬಂದರೆ ಬರೀ ಕನ್ನಡದ್ದನ್ನೇ ಹಚ್ಚುತ್ತಾರೆ ಎಂದು ಗೊತ್ತಿತ್ತು. ಕೂತು ಬರೆದೆ. ಕನ್ನಡದ ಪ್ರತಿಯಲ್ಲಿ ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ಇಂಥ ಕಲಮಿನ ಮೇರೆಗೆ ಆಕ್ಷೇಪಣೆ ಸಲ್ಲಿಸಬಹುದು ಎಂದಿತ್ತು. ಅದನ್ನು ನಾನು ಎಲ್ಲಕ್ಕಿಂತ ಮೇಲೆ, ದಪ್ಪಗೆ ಬರೆದೆ: ಇದು ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಏಳು ದಿನದೊಳಗೆ ಬರೆದು ಕೊಡಬಹುದು, ನಾವು ತೆಗೆದುಕೊಳ್ಳಲೇಬೇಕು. ಸಾಹೇಬರಿಗೆ ಉರ್ದು ಬರುತ್ತಿರಲಿಲ್ಲ. ಸಹಿ ಮಾಡಿದರು. ಹೊತ್ತಿಗೆ ಸರಿಯಾಗಿ ಆ ಓಣಿಗೆ ಉರ್ದುವಿನಲ್ಲಿ ಮುಟ್ಟಿದ ಮೊದಲ ಸರ್ಕಾರಿ ಕಾಗದ ಅದೇ.

ಎರಡನೆಯ ದಿನ ಬೆಳಿಗ್ಗೆ ಓಣಿಗೆ ಓಣಿಯೇ ಕಚೇರಿಗೆ ಬಂತು, ಖಾಸಿಂಬಿ ಮುಂದೆ. ಅವಳ ಆಕ್ಷೇಪಣೆಯನ್ನು ನಾನು ತೆಗೆದುಕೊಂಡು, ಮೊಹರು ಹಾಕಿ, ಸ್ವೀಕೃತಿ ಕೊಟ್ಟೆ.

"ಈ ಸಲ ತಿಳೀತು," ಎಂದಳಷ್ಟೇ.

ವಿಷಯ ಮೇಲಿನ ಅಧಿಕಾರಿಯ ಮುಂದೆ ಹೋಯಿತು. ಅಲ್ಲಿಗೆ ನಮ್ಮ ಕಚೇರಿ ಉತ್ತರ ಕಳಿಸಬೇಕು. ಉತ್ತರದ ಕಡತ ನನ್ನ ಮೇಜಿನ ಮೇಲೆ ಹಾದುಹೋಗುವಾಗ ತೆರೆದು ನೋಡಿದೆ. 'ಉರ್ದು ಪ್ರತಿಯನ್ನು ಅವಧಿಯೊಳಗೆ ಪ್ರಚುರಪಡಿಸಲಾಗಿರುತ್ತದೆ.' ಜೊತೆಗೆ ಮಹಜರು. ಖಾಲಿಯಿದ್ದ ಜಾಗದಲ್ಲಿ ತಾರೀಖು ತುಂಬಿತ್ತು. ನಾನು ಜೇವರ್ಗಿಯ ಆಸ್ಪತ್ರೆಯಲ್ಲಿ ಅಮ್ಮನ ಪಕ್ಕ ಕೂತಿದ್ದ ಒಂದು ದಿನ.

ಗುರುಪಾದಪ್ಪನವರ ಮೇಜಿಗೆ ಒಯ್ದು ಇಟ್ಟೆ. "ಇದನ್ನ ಯಾರು ಬರದಾರ್ರಿ ಸರ್?"

ಅವರು ಕಾಗದ ನೋಡಲಿಲ್ಲ. "ಸಹಿ ನಿಮ್ದ ಅಲ್ಲೇನ್ರಿ?"

"ಸಹಿ ನಂದು. ತಾರೀಖ್ ನಂದಲ್ಲ. ಅವತ್ತ ನಾ ರಜಾದಾಗಿದ್ದೆ. ನೀವೇ ಮಂಜೂರ ಮಾಡೀರಿ."

ಕಡತ ಮುಚ್ಚಿದರು. ಆಮೇಲೆ ಧ್ವನಿ ಇಳಿಸಿ, "ಮೆಹರುನ್ನಿಸಾ, ನಾ ನಿಮಗ ಅಣ್ಣ ಇದ್ದಂಗ. ಹೇಳ್ತೇನಿ ಕೇಳ್ರಿ. ನನಗ ಇನ್ನ ಎರಡ ವರ್ಷ ಸರ್ವಿಸ್ ಅದ. ನಿಮಗ ಹದಿನೈದ ಅದ. ಇದನ್ನ ಎತ್ತಬ್ಯಾಡ್ರಿ," ಎಂದರು. ಬೆದರಿಕೆಯಲ್ಲ, ಬೇಡಿಕೆಯೇ. ಅದೇ ಹೆಚ್ಚು ಕಷ್ಟವಾಯಿತು.

ಎತ್ತಿದೆ. ಬಿಳಿ ಹಾಳೆಯಲ್ಲಿ, ನಡೆದದ್ದನ್ನು ನಡೆದ ಹಾಗೆ ಬರೆದೆ: ಪ್ರತಿ ಬಂದ ದಿನ ಯಾವುದು, ಹಚ್ಚಿದ ದಿನ ಯಾವುದು, ತಾರೀಖಿಲ್ಲದ ಮಹಜರಿಗೆ ಸಹಿ ಮಾಡಿದ್ದು ನನ್ನ ತಪ್ಪು. ಶರಣಪ್ಪ ತಾನೂ ಸಹಿ ಮಾಡುತ್ತೇನೆ ಎಂದ. ಬೇಡ ಎಂದೆ. "ಅಂಟು ಹಚ್ಚಿದಾಂವ ನಾನ್ರಿ, ನನಗ ಗೊತ್ತಿಲ್ಲೇನ್ರಿ ಯಾವತ್ತ ಹಚ್ಚೇನಿ ಅಂತ?" ಎಂದು ಪೆನ್ನು ಕಿತ್ತುಕೊಂಡು ಮಾಡಿದ. ಅದನ್ನು ವಿಚಾರಣೆಯ ಅಧಿಕಾರಿಗೆ ಟಪಾಲಿನಲ್ಲಿ ಕಳಿಸಿದೆ.

ವಿಚಾರಣೆಯ ದಿನ ಅಧಿಕಾರಿ ಖಾಸಿಂಬಿಯನ್ನು ಕೇಳಿದರು, "ಯಾವ ಭಾಷೆಯಲ್ಲಿ ಹೇಳಿಕೆ ಕೊಡ್ತೀರಿ? ಉರ್ದುವಿನವರನ್ನು ಕರೆಸೋಣವೇ?"

"ಬ್ಯಾಡ್ರಿ ಸಾಹೇಬ್ರ, ಮತ್ತ ತಡ ಆಗ್ತದ," ಎಂದಳು. "ಕನ್ನಡದಾಗೇ ಹೇಳ್ತೇನಿ. ಮಾತಾಡಾಕ ನನಗ ಎಂದೂ ತ್ರಾಸ ಆಗಿಲ್ರಿ. ಈ ಊರಿನ ಜ್ವಾಳ ಎಲ್ಲಾ ನಾನೇ ಬೀಸೇನಿ, ಎಲ್ಲಾರ ಕೂಡ ಮಾತಾಡೇನಿ. ಓದಾಕಷ್ಟ ಬರೂದಿಲ್ರಿ. ಅದಕ್ಕ ಉರ್ದುದಾಗ ಕೊಡ್ತೇವಿ ಅಂತ ನೀವೇ ಹೇಳಿದ್ರಿ, ನಾವ್ ಕೇಳಿದ್ದಿಲ್ಲ. ಹೇಳಿದ್ದಕ್ಕ ಕಾದೇವಿ. ಕಾದಿದ್ದು ತಪ್ಪೇನ್ರಿ?"

ಆ ಕೋಣೆಯಲ್ಲಿ ನಾಲ್ಕು ಜನ ವಕೀಲರಿದ್ದರು. ಯಾರೂ ಅಷ್ಟು ಚೆನ್ನಾಗಿ ಮಾತಾಡಲಿಲ್ಲ.

ಆದೇಶ ಓಣಿಯ ಪರವಾಗಿಯೇ ಆಯಿತು. ತೆರವು ರದ್ದು. ಉರ್ದು ಪ್ರತಿ ಅವಧಿಯೊಳಗೆ ತಲುಪದ ಕಾರಣ, ಎರಡೂ ಭಾಷೆಯಲ್ಲಿ ಹೊಸದಾಗಿ ನೋಟೀಸು ಹೊರಡಿಸಿ ಮತ್ತೆ ಅರ್ಜಿ ಪಡೆಯತಕ್ಕದ್ದು. ಓಣಿಯಲ್ಲಿ ಅಂದು ಪೇಡೆ ಹಂಚಿದರು. ನನ್ನ ಮನೆಗೂ ಖಾಸಿಂಬಿ ಒಂದು ತಟ್ಟೆ ಕಳಿಸಿದಳು, ತಾನು ಬರಲಿಲ್ಲ. ತೊಗರಿ ಕೊಯ್ಯುವ ಹೊತ್ತಿಗೆ ನನಗೆ ವರ್ಗದ ಆದೇಶ ಬಂತು, ಆಡಳಿತಾತ್ಮಕ ಕಾರಣಗಳಿಗಾಗಿ. ಹೊರಡುವ ದಿನ ಗುರುಪಾದಪ್ಪನವರು ಬಾಗಿಲ ತನಕ ಬಂದು ತಿರುಗಿ ಹೋದರು.

ಇದೆಲ್ಲ ನಡೆದು ನಾಲ್ಕು ವರ್ಷ. ಹೋದ ತಿಂಗಳು ಸೇವಾ ಪುಸ್ತಕದ ಸಹಿ ಮುಗಿದ ಮೇಲೆ, ನನ್ನ ಹಳೆಯ ಮೇಜಿನಲ್ಲಿ ಕೂತಿದ್ದ ಹುಡುಗಿಯನ್ನು ಕೇಳಿದೆ. ಹೊಸದಾಗಿ ಸೇರಿದವಳು, ಚುರುಕಾಗಿದ್ದಳು.

"ಹಳ್ಳದ ಓಣಿದು ಹೊಸ ನೋಟೀಸ್ ಹೊಂಟಿತೇನಮ್ಮ?"

ಕಂಪ್ಯೂಟರಿನಲ್ಲಿ ಹುಡುಕಿ ಹೇಳಿದಳು, "ಕನ್ನಡದ್ದು ಎಂದೋ ತಯಾರಾಗ್ಯಾದ್ರಿ ಮೇಡಂ. ಉರ್ದು ಪ್ರತಿ ಮಂಜೂರಿಗೆ ಹೋಗ್ಯಾದ್ರಿ. ಅದು ಬರೂತನಕ ಹೊರಡಿಸಬ್ಯಾಡ್ರಿ ಅಂತ ಷರಾ ಅದ. ಹಿಂದ ಏನೋ ತಕರಾರ ಆಗಿತ್ತಂತ್ರಿ."

"ಎಷ್ಟ್ ದಿನ ಆತು?"

ಅವಳು ತಾರೀಖು ನೋಡಿದಳು. ಸ್ವಲ್ಪ ಮುಜುಗರದಿಂದ, "ಮೂರ ವರ್ಷ ಮ್ಯಾಲ ಆಗ್ಯಾದ್ರಿ," ಎಂದಳು.

ಅವಳ ಹತ್ತಿರ ಒಂದು ಹಾಳೆ ಕೇಳಿ, ಹೊರಗಿನವರು ಕೂರುವ ಬೆಂಚಿನ ಮೇಲೆ ಕೂತು, ಅದೇ ನಾಲ್ಕು ಸಾಲನ್ನು ಮತ್ತೆ ಬರೆದೆ. ಬಾಯಿಪಾಠವಾಗಿತ್ತು. ಅವಳು ತೆಗೆದುಕೊಳ್ಳಲು ಕೈ ಚಾಚಿ, ಹಿಂದೆಗೆದಳು. "ನೀವು ಈಗ ಈ ಆಫೀಸಿನವ್ರಲ್ಲಲ್ರಿ ಮೇಡಂ. ನಾ ಹ್ಯಾಂಗ್ ತಗೊಳ್ಲಿ?" ಅವಳು ಹೇಳಿದ್ದು ಸರಿಯೇ. ಹಾಳೆಯನ್ನು ಮೇಜಿನ ಮೇಲೆ ಬಿಟ್ಟು ಬಂದೆ.

ಗಿರಣಿಗೆ ಹೋದೆ. ಹೋಗದೆ ಬಸ್ಸು ಹತ್ತಲು ಆಗಲಿಲ್ಲ. ಖಾಸಿಂಬಿ ಮೊದಲಿಗಿಂತ ಬಾಗಿದ್ದಾಳೆ. ನನ್ನನ್ನು ನೋಡಿ ಗಿರಣಿ ನಿಲ್ಲಿಸಿದಳು. ಪಾಳಿಯಲ್ಲಿ ಮೂರು ಹೆಂಗಸರಿದ್ದರು. ಅವರೆದುರಿಗೇ ಎಲ್ಲ ಹೇಳಿದೆ. ಈ ಸಲ ಮಂಜೂರಾದದ್ದು ಯಾವುದು ಆಗದ್ದು ಯಾವುದು ಎಂದು ನೋಡಲಿಲ್ಲ. ಕನ್ನಡದ ನೋಟೀಸು ಸಿದ್ಧವಿದೆ, ಉರ್ದುವಿನದು ಬರಬೇಕು, ಅದಕ್ಕೇ ತಡೆದಿದ್ದಾರೆ.

ಅವಳು ಕೇಳಿಸಿಕೊಂಡಳು. ಮೊದಲು ನಕ್ಕಳು ಎಂದುಕೊಂಡೆ. ನಕ್ಕಿರಲಿಲ್ಲ.

"ಅಂದ್ರ, ನಮ್ಮ ಭಾಷಾಕ್ಕ ಮರ್ಯಾದಿ ಕೊಟ್ಟಾರ, ಅದಕ್ಕ ನಮಗ ಜಾಗಾ ಕೊಡಾಕ ಆಗವಲ್ದು?"

"ಹಂಗೇ ಆಗ್ಯಾದ ಖಾಲಾ."

"ನಾಳಿ ಅರ್ಜಿ ಬರೀತೇನಿ," ಎಂದಳು. "ನಮಗ ಉರ್ದು ಬ್ಯಾಡ ಅಂತ. ಕನ್ನಡದ್ದೇ ಹಚ್ಚ್ರಿ, ಯಾರ ಕಡಿಂದರೆ ಓದಿಸ್ಕೋತೇವಿ ಅಂತ. ನನ್ನ ಸಹಿ ಉರ್ದುದಾಗೇ ಮಾಡ್ತೇನಿ." ಅವಳು ಮುಖ ತಿರುಗಿಸಿಕೊಂಡಳು. ಹುಟ್ಟಿದಾಗಿನಿಂದ ಓದಿದ ಒಂದೇ ಅಕ್ಷರಮಾಲೆಯನ್ನು ಬೇಡ ಎಂದು ಬರೆದುಕೊಡಲು ಅವಳು ಸಿದ್ಧಳಾಗಿದ್ದಳು, ಮನೆಯ ಕಾಗದಕ್ಕಾಗಿ.

"ಬರೀಬ್ಯಾಡ ಖಾಲಾ," ಎಂದೆ.

"ಮತ್ತೇನ್ ಮಾಡ್ಲಿ? ತಡೀಲಿ?"

ಪಾಳಿಯಲ್ಲಿದ್ದ ಒಬ್ಬ ಹೆಂಗಸು ನೆಲ ನೋಡಿದಳು. ಖಾಸಿಂಬಿ ದುಪಟ್ಟಾದ ತುದಿಯಿಂದ ಮುಖ ಒರೆಸಿಕೊಂಡಳು. ಹಿಟ್ಟು ಒಂದು ಕಡೆ ಹೋಗಿ ಚರ್ಮ ಕಂಡಿತು. ಮೂಲೆಯ ಕಪಾಟಿನಿಂದ ಒಂದು ಹಾಳೆ, ಒಂದು ಪೆನ್ನು ತಂದು ನನ್ನ ಕೈಗೆ ಕೊಟ್ಟಳು.

"ನೀನೇ ಬರಿ ಹಂಗಾದ್ರ, ಕನ್ನಡದಾಗ. ಸರಳ ಬರಿ, ಅವ್ರಿಗೆ ತಿಳೀಬೇಕು."